ಇಲಿಯ ಕಿವಿಗೆ ಬೀಳದ ಹಾಗೆ

ಕೆಲವು ಕಸುಬಿನವರಿಗೆ ಕೆಲವು ಕಷ್ಟಗಳು ಬರಕೂಡದು. ಹಲ್ಲಿನ ಡಾಕ್ಟರು ದವಡೆ ಹಿಡಿದುಕೊಂಡು ಬೀದಿಯಲ್ಲಿ ಓಡಾಡಬಾರದು. ಹತ್ತೂರಿಗೆ ಗಂಡು ಹುಡುಕುವ ಮದುವೆ ದಲ್ಲಾಳಿಯ ಮಗ ನಲವತ್ತಾದರೂ ಬ್ರಹ್ಮಚಾರಿಯಾಗಿ ಉಳಿಯಬಾರದು. ಜ್ಯೋತಿಷ್ಯ ಹೇಳುವವರ ಮನೆಗೆ ಹೇಳದೆ ಕೇಳದೆ ನೆಂಟರು ಬಂದಿಳಿಯಬಾರದು. ಬಂದರೆ, ಬಂದ ಕಷ್ಟಕ್ಕಿಂತ ಅದನ್ನು ಮುಚ್ಚಿಡುವ ಕಷ್ಟವೇ ದೊಡ್ಡದಾಗುತ್ತದೆ. ನಾನು ಹಾರನಹಳ್ಳಿಯಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿ ಇಟ್ಟವನು. ಹುಳಕ್ಕೆ, ರೋಗಕ್ಕೆ, ಕಳೆಗೆ ಏನೇನು ಬೇಕೋ ಎಲ್ಲ ಇದೆ. ಆದರೆ ನಮ್ಮ ಹೋಬಳಿಯಲ್ಲಿ ನನಗೆ ಹೆಸರು ತಂದುಕೊಟ್ಟದ್ದು ಇಲಿ ಪಾಷಾಣ. 'ಮಂಜಣ್ಣನ ಅಂಗಡೀದು ಅಂದ್ರೆ ಮುಗೀತು' ಎನ್ನುತ್ತಾರೆ ಜನ. ಅಂಥ ಮಂಜಣ್ಣನ ಕಾರನ್ನು, ಸ್ವಂತ ಮನೆಯ ಕೊಟ್ಟಿಗೆಯಲ್ಲಿ, ಇಲಿಗಳು ತಿಂದವು. ಈಗ ಹೇಳಿ, ಈ ವಿಷಯವನ್ನು ನಾನು ಯಾರ ಮುಂದೆ ಹೇಳಿಕೊಳ್ಳಲಿ?

ಇಲಿ ಪಾಷಾಣದ ವ್ಯಾಪಾರ ಬೇರೆ ವ್ಯಾಪಾರದ ಹಾಗಲ್ಲ. ಅದು ನಡೆಯುವುದೆಲ್ಲ ಪಿಸುಮಾತಿನಲ್ಲಿ. ಇಲಿಗೆ ಮನುಷ್ಯರ ಮಾತು ಅರ್ಥವಾಗುತ್ತದೆ, ತನಗೆ ಬೋನು ಇಡುತ್ತಾರೆ, ಮದ್ದು ಹಾಕುತ್ತಾರೆ ಎಂದು ಕಿವಿಗೆ ಬಿದ್ದರೆ ಆ ಕಡೆಗೆ ತಲೆ ಹಾಕುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಯಾರೂ ಬಾಯಿಬಿಟ್ಟು ಇಲಿ ಪಾಷಾಣ ಕೊಡಿ ಎಂದು ಕೇಳುವುದಿಲ್ಲ. ಯೂರಿಯಾವನ್ನು ಊರಿಗೆಲ್ಲ ಕೇಳುವಂತೆ ಕೂಗಿ ಕೇಳಿದವರು, ಆಮೇಲೆ ಕೌಂಟರಿನ ಮೇಲೆ ಬಗ್ಗಿ, ಆಚೆ ಈಚೆ ನೋಡಿ, "ಅದ್ನೂ ಒಂದಿಷ್ಟು ಆಕ್ಬುಡಣ್ಣ" ಎನ್ನುತ್ತಾರೆ. ನಾನು ಮಾತಾಡದೆ ಪೊಟ್ಟಣವನ್ನು ಕಾಗದದಲ್ಲಿ ಸುತ್ತಿ ಕೊಡುತ್ತೇನೆ. ಹೊಸಬರು ಯಾರಾದರೂ ನೋಡಿದರೆ ಇಲ್ಲಿ ಏನೋ ಕಳ್ಳಸಾಗಣೆ ನಡೆದಿದೆ ಎಂದುಕೊಂಡಾರು. ನಾನು ಬಿ.ಎಸ್ಸಿ. ಓದಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಜೋರಾಗಿ ಹೇಳುವ ಧೈರ್ಯವೂ ನನಗೆ ಇದುವರೆಗೆ ಬಂದಿಲ್ಲ.

ಕಾರಿನ ಕಥೆ ಶುರುವಾದದ್ದು ಹಾರನ್ನಿನಿಂದ. ಒಂದು ಬೆಳಿಗ್ಗೆ ಹಾರನ್ ಒತ್ತಿದರೆ ವೈಪರ್ ಆಡಿತು. ವೈಪರ್ ನಿಲ್ಲಿಸಲು ಹೋದರೆ ಎಡಗಡೆಯ ಇಂಡಿಕೇಟರ್ ಮಿನುಗತೊಡಗಿತು. ಪಿರಿಯಾಪಟ್ಟಣದಿಂದ ಮೆಕ್ಯಾನಿಕ್ ಬಾಬುವನ್ನು ಕರೆಸಿದೆ. ಅವನು ಬಾನೆಟ್ ಎತ್ತಿದ. ಒಳಗೆ ಕಡಲೆಕಾಯಿ ಸಿಪ್ಪೆ, ಜೋಳದ ದಿಂಡು, ನನ್ನ ಬನಿಯನ್ನಿನ ಒಂದು ತೋಳು, ನಮ್ಮವ್ವ ವಾರದಿಂದ ಹುಡುಕುತ್ತಿದ್ದ ಎಲೆಯಡಿಕೆ ಚೀಲ. "ಏನ್ ಸಾರ್ ಇದು, ಸಂಸಾರಾನೇ ಹೂಡ್ಬುಟ್ಟವ್ರಲ್ಲ!" ಎಂದ. ಈಗಿನ ವೈರಿನ ಮೇಲಿನ ಪದರಕ್ಕೆ ಸೋಯಾ ಸೇರಿಸುತ್ತಾರಂತೆ, ಅದಕ್ಕೇ ಇಲಿಗೆ ಅಷ್ಟು ರುಚಿಯಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನಾವು ಉಪ್ಸಾರು ಮುದ್ದೆ ತಿಂದುಕೊಂಡು ಕಾರು ತೊಳೆಯಬೇಕು, ಇವು ಅದರೊಳಗೆ ಕೂತು ಸೋಯಾ ತಿನ್ನಬೇಕು. ಯಾರಾದರೂ ಕೇಳಿದರೆ ಬ್ಯಾಟರಿ ಹೋಗಿತ್ತು ಎಂದು ಹೇಳಪ್ಪ ಎಂದು ಬಾಬುವಿನ ಕೈ ಹಿಡಿದುಕೊಂಡೆ. ಒಪ್ಪಿ, ಹರಿದ ವೈರುಗಳನ್ನು ಕಟ್ಟಿಕೊಟ್ಟು ಹೋದ.

ಸಹಜವಾಗಿ ಮೊದಲು ನಮ್ಮ ಅಂಗಡಿಯ ಮಾಲನ್ನೇ ಪ್ರಯೋಗಿಸಿದೆ. ಬೆಳಿಗ್ಗೆ ನೋಡಿದರೆ ಪಾಷಾಣದ ಕೇಕು ಇಟ್ಟಲ್ಲೇ ಇತ್ತು, ಮೇಲಿನ ಕವರನ್ನು ಮಾತ್ರ ತಿಂದಿದ್ದವು. ಹನ್ನೆರಡು ವರ್ಷದ ನನ್ನ ವ್ಯಾಪಾರಕ್ಕೆ ಅಂಥ ಅವಮಾನ ಯಾವ ಗಿರಾಕಿಯೂ ಮಾಡಿರಲಿಲ್ಲ. ಆಮೇಲೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ, ಹೊಗೆಸೊಪ್ಪಿನ ವಾಸನೆಗೆ ಇಲಿ ಹತ್ತಿರ ಸುಳಿಯುವುದಿಲ್ಲ ಎಂದು ಹೇಳಿದ್ದು ಸಿಕ್ಕಿತು. ಹೊಗೆಸೊಪ್ಪಿಗೆ ನಮಗೇನು ಬರವೇ? ಬ್ಯಾರನ್‌ನಲ್ಲಿ, ಎಂದರೆ ಸೊಪ್ಪು ಹದ ಮಾಡುವ ಗೂಡಿನಲ್ಲಿ, ಬೇಯಿಸಿದ ಒಳ್ಳೇ ಹೊಂಬಣ್ಣದ ಎಲೆ ತಂದು ಇಂಜಿನ್ನಿನ ಸುತ್ತ ತುರುಕಿದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಎಲೆಯನ್ನು ಹದವಾಗಿ ಹರಿದು ಹಾಸಿಗೆ ಮಾಡಿಕೊಂಡು ಒಂದು ಇಲಿ ಮಲಗಿತ್ತು. ಆ ಪುಣ್ಯಾತ್ಮ ಹೇಳಿದ್ದು ಬೇರೆ ಊರಿನ ಇಲಿಗಳಿಗೆ ಇರಬೇಕು. ಬ್ಯಾರನ್ನಿನಲ್ಲೇ ಹುಟ್ಟಿ, ಬ್ಯಾರನ್ನಿನಲ್ಲೇ ಕಣ್ಣುಬಿಟ್ಟ ನಮ್ಮ ಇಲಿಗೆ ಅದು ತವರುಮನೆಯ ವಾಸನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಅಷ್ಟರಲ್ಲಿ ಭೇರ್ಯದಲ್ಲಿ ನನ್ನ ಹೆಂಡತಿ ಪ್ರೇಮಳ ಅಣ್ಣನ ಮನೆಯಲ್ಲಿ ಬೀಗರೂಟ ಬಂತು. ಹೊರಡುವ ಹಿಂದಿನ ದಿನ ಸಿದ್ದೇಗೌಡರು ಅಂಗಡಿಗೆ ಬಂದು, "ಮಂಜಣ್ಣ, ನಾಳೀಕೆ ಆ ಕಡೀಕೆ ಓಯ್ತಿದ್ದೀರಂತಲ್ಲ, ನಂಗೂ ಕೆ.ಆರ್.ನಗರದಲ್ಲಿ ಒಸಿ ಕೆಲ್ಸ ಅದೆ, ಕರ್ಕೊಂಡೋಗಿ" ಎಂದರು. ಸಿದ್ದೇಗೌಡರು ನನ್ನ ದೊಡ್ಡ ಗಿರಾಕಿ. ಅವರು ಬೆಳಿಗ್ಗೆ ಟೀ ಅಂಗಡಿಯಲ್ಲಿ ಹೇಳಿದ್ದು ಮಧ್ಯಾಹ್ನದ ಹೊತ್ತಿಗೆ ಇಡೀ ಹೋಬಳಿಗೆ ಮುಟ್ಟುತ್ತದೆ. ಇಲ್ಲ ಎನ್ನುವಂತಿಲ್ಲ, ಹೂಂ ಎಂದರೆ ದಾರಿಯಲ್ಲಿ ಕಾರು ಕೈಕೊಟ್ಟು ಮಾನ ಹೋಗುವ ಭಯ. ನಾಟಿ ಕಾಲ ಬೇರೆ. ಜನ ಪಾಷಾಣಕ್ಕೆ ಬರುವುದೇ ಈಗ. ಹೂಂ ಎಂದೆ.

ಆ ಸಂಜೆ ಮನೆಯಲ್ಲಿ ನಾನು, "ಅವ್ವ, ನಾಳೆ ಕಾರು..." ಎಂದು ಬಾಯಿ ತೆರೆದರೆ ಅವ್ವ ಕಣ್ಣಲ್ಲೇ ಗದರಿಸಿ, "ಸುಮ್ಕಿರ್ಲಾ, ಅವ್ಕೆ ಕೇಳುಸ್ತದೆ" ಎಂದಳು. ಪ್ರೇಮಳೂ ಹೂಂಗುಟ್ಟಿದಳು. ಸರಿ, ಯಾರಿಗೂ ಹೇಳದೆ ನಾನೇ ಒಂದು ಉಪಾಯ ಮಾಡಿದೆ. ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಯ ಜಾಲರಿಯಿಂದಲೇ ಇಲಿ ಒಳಗೆ ನುಗ್ಗುವುದು ಎಂದು ಬಾಬು ಹೇಳಿದ್ದ. ಅಲ್ಲಿಗೆ ಗುಂಟೂರು ಮೆಣಸಿನಕಾಯಿಯ ಖಾರದ ಪುಡಿಯನ್ನು ಧಾರಾಳವಾಗಿ ಸುರಿದೆ. ಬೆಳಿಗ್ಗೆ ಒರೆಸಿ ತೆಗೆಯುವುದೆಂದು ಯೋಚಿಸಿದ್ದೆ. ಬೆಳಿಗ್ಗೆ ಪಂಚೆ ಉಡಬೇಕೋ ಪ್ಯಾಂಟು ಹಾಕಬೇಕೋ ಎಂಬ ಚರ್ಚೆಯಲ್ಲಿ ಅದು ಮರೆತೇಹೋಯಿತು.

ಮುಂದೆ ನನ್ನ ಪಕ್ಕದಲ್ಲಿ ಗರಿಗರಿ ಬಿಳಿ ಪಂಚೆಯ ಸಿದ್ದೇಗೌಡರು, ಹಿಂದೆ ಅವ್ವ ಮತ್ತು ಪ್ರೇಮ. ಕೀಲಿ ತಿರುಗಿಸಿದೆ. ಕಾರು ಒಂದೇ ಸಲಕ್ಕೆ ಹೊರಟಿತು! ನನಗೆ ಅಳುವಷ್ಟು ಸಂತೋಷವಾಯಿತು. ಊರು ದಾಟಿ, ಮುಖ್ಯರಸ್ತೆ ಸೇರಿ, ಇನ್ನೇನು ಗೆದ್ದೆ ಎಂದುಕೊಳ್ಳುವಾಗ ಗೌಡರು ಮೂಗು ಅರಳಿಸಿದರು.

"ಮಂಜಣ್ಣ, ಎಲ್ಲೋ ಒಣಮೀನು ಉರೀತಾವ್ರೆ ಕಣಣ್ಣ."

"ತೋಟದ ಮನೆಯವರು ಇರಬೇಕು ಗೌಡ್ರೇ" ಎಂದೆ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಆ ತೋಟದ್ಮನೆಯೋರು ನಮ್ಮಿಂದೇನೇ ಬತ್ತಾವ್ರೆ" ಎಂದರು. ಕನ್ನಡಿಯಲ್ಲಿ ನೋಡಿದೆ. ಪ್ರೇಮ ಕಿಟಕಿಯ ಆಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಇಂಜಿನ್ ಕಾದಂತೆಲ್ಲ ಘಮಲು ಏರಿತು. ಆಗ ಹಿಂದಿನ ಸೀಟಿನ ಕೆಳಗಿನಿಂದ 'ಮಿಯಾಂವ್' ಎಂದಿತು. ಅದನ್ನು ಮುಚ್ಚಲು ಅವ್ವ ಜೋರಾಗಿ ಕೆಮ್ಮಿದಳು. ಕೆಮ್ಮು ಸಾಲದೆ 'ಶಿವ ಶಿವಾ' ಎಂದಳು. ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯ ಕರಿಬೆಕ್ಕು ಸೀಟಿನ ಸಂದಿಯಿಂದ ಹಾರಿ, ಗೌಡರ ಭುಜದ ಮೇಲೆ ಕಾಲಿಟ್ಟು, ಪಂಚೆಯ ಮೇಲೆ ಇಳಿದು, ಮೀನಿನ ವಾಸನೆ ಬರುತ್ತಿದ್ದ ಗಾಳಿಕಿಂಡಿಗೆ ಮೂತಿ ಒತ್ತಿ ಕೂತಿತು. ಗಾಬರಿಯಲ್ಲಿ ನಾನು, ವಾಸನೆಯಾದರೂ ಹೋಗಲಿ ಎಂದು, ಫ್ಯಾನನ್ನು ಪೂರ್ತಿ ತಿರುಗಿಸಿದೆ.

ಖಾರದ ಪುಡಿಯ ನೆನಪಾದದ್ದು ಆಗಲೇ. ಕೆಂಪು ಮೋಡವೊಂದು ನಮ್ಮ ಮೇಲೆ ಕವಿಯಿತು. ಮೊದಲು ಸೀನಿದ್ದು ಬೆಕ್ಕು. ಆಮೇಲೆ ಯಾರು ಸೀನಿದರು, ಯಾರು ಕಿರುಚಿದರು, ಬ್ರೇಕು ಯಾರ ಪುಣ್ಯದಿಂದ ಬಿತ್ತು, ಒಂದೂ ನೆನಪಿಲ್ಲ. ನಾಲ್ಕು ಬಾಗಿಲೂ ಒಟ್ಟಿಗೆ ತೆರೆದವು. ರಸ್ತೆ ಬದಿಯ ಹುಣಸೆಮರದ ಕೆಳಗೆ ಕೂತು ನಾಲ್ಕು ಜನ, ಒಂದು ಬೆಕ್ಕು, ಗೋಳೋ ಎಂದು ಕಣ್ಣೀರು ಸುರಿಸಿದೆವು. ಬೈಕು ನಿಲ್ಲಿಸಿದ ಒಬ್ಬರು, "ಯಾರ್ ಹೋದ್ರು, ವಯಸ್ಸಾಗಿತ್ತಾ?" ಎಂದು ಬಹಳ ಮರುಕದಿಂದ ವಿಚಾರಿಸಿದರು.

"ಯಾರೇ ಮೀನು ಇಟ್ಟೋರು?" ಎಂದು ನಾನು ಮೂಗೊರೆಸಿಕೊಳ್ಳುತ್ತ ಕೇಳಿದೆ.

"ನಾನೇ ಕಣ್ರೀ. ಬೋನಿನೊಳಗೆ ಸಿಕ್ಸಿ ಬಾನೆಟ್ ಒಳಗೆ ಇಟ್ಟಿದ್ದೆ. ಬೆಕ್ಕು ಯಾರದು?"

"ನಾನ್ ಬುಟ್ಟಿದ್ದು ಕನವ್ವ" ಎಂದಳು ಅವ್ವ. "ಬೆಕ್ಕಿನ್ ವಾಸ್ನೆಗೆ ಬರಾಕಿಲ್ಲ ಅಂತ. ಮೀನಿಟ್ಟಿವ್ನಿ ಅಂತ ಒಂದ್ ಮಾತು ಯೋಳಕ್ಕೇನಾಗಿತ್ತು?"

"ನೀವೇ ತಾನೆ ಅತ್ತೆ, ಅವ್ಕೆ ಕೇಳುತ್ತೆ ಬಾಯಿ ಮುಚ್ಚು ಅಂದದ್ದು!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಲಿಗೆ ಗೊತ್ತಾಗಬಾರದೆಂದು ನಾವು ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಗುಟ್ಟು ಮಾಡಿ ಮೂರು ಯುದ್ಧ ಹೂಡಿದ್ದೆವು. ಅಷ್ಟರಲ್ಲಿ ಗೌಡರು ಎದ್ದು ಹೋಗಿ ಬಾನೆಟ್ ಎತ್ತಿದ್ದರು. ನಾನು ಬೇಡ ಬೇಡ ಎಂದು ಓಡುವುದರೊಳಗೆ ತಡವಾಗಿತ್ತು. ಮೀನು ಬಿಟ್ಟರೆ ಖಾಲಿಯಾಗಿದ್ದ ಬೋನು ಒಂದು ಕಡೆ, ಬ್ಯಾಟರಿಯ ಮೇಲೆ ದುಂಡಗಿನ ಇಲಿ ಇನ್ನೊಂದು ಕಡೆ. ಅದು ಗೌಡರನ್ನು ನೋಡಿತು, ನನ್ನನ್ನು ನೋಡಿತು, ಬೆಕ್ಕನ್ನು ನೋಡುವ ತೊಂದರೆ ತೆಗೆದುಕೊಳ್ಳದೆ, ಸಾವಕಾಶವಾಗಿ ಇಳಿದು ಜೋಳದ ಹೊಲದೊಳಗೆ ಹೋಯಿತು. ಬೆಟ್ಟ ಅಗೆದವರಿಗೆ ಕೊನೆಗೆ ಇಲಿಯಾದರೂ ಸಿಕ್ಕಿತ್ತು.

ಗೌಡರು ಕಣ್ಣೊರೆಸಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟರು. "ನಾನ್ಯಾರ್ಗೂ ಯೋಳಾಕಿಲ್ಲ ಬುಡಣ್ಣ" ಎಂದರು. ಆ ಸಮಾಧಾನದಲ್ಲೇ ಹೋಗಿ ಬೀಗರೂಟದಲ್ಲಿ ಎರಡು ಸಲ ಬಡಿಸಿಕೊಂಡು ಉಂಡೆ.

ಮರುದಿನ ಅಂಗಡಿಯಲ್ಲಿ ಜನ ತುಂಬಿದ್ದಾಗ ಗೌಡರು ಬಂದರು. ಬಂದವರೇ, ಬಸ್‌ಸ್ಟ್ಯಾಂಡಿನವರೆಗೂ ಕೇಳುವಂತೆ, "ಮಂಜಣ್ಣ, ಇಲಿ ಪಾಷಾಣ ಕೊಡಿ!" ಎಂದರು. ನಾನು ಹೌಹಾರಿ ಬಾಯಿ ಮೇಲೆ ಬೆರಳಿಟ್ಟು, "ಮೆಲ್ಲಗೆ ಗೌಡ್ರೇ, ಅವುಕ್ಕೆ ಕೇಳುತ್ತೆ" ಎಂದೆ.

"ಕೇಳುಸ್ಕಳ್ಳಿ ಬುಡಣ್ಣ" ಎಂದರು ಗೌಡರು. "ನಿಮ್ಮ ಅಂಗಡಿ ಮಾಲು ಅಂತ ಗೊತ್ತಾದ್ರೆ ಭಯ ಇಲ್ದೆ ಉಣ್ತವೆ."

ಅಂಗಡಿಗೆ ಅಂಗಡಿಯೇ ನಕ್ಕಿತು. ಯಾರೊಬ್ಬರೂ ಏಕೆ ಎಂದು ಕೇಳಲಿಲ್ಲ. ಅಂದರೆ ಬೆಳಗಿನ ಟೀ ಆಗಲೇ ಮುಗಿದಿತ್ತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಇದನ್ನು ಕೊಳ್ಳಲು ಪಿರಿಯಾಪಟ್ಟಣದವರೆಗೆ ಯಾರು ಹೋಗುತ್ತಾರೆ? ಆದರೆ ಈಗ ಪ್ರತಿಯೊಬ್ಬರೂ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾರಿಗೆ ಇಟ್ಟಿದ್ದು ಇದಲ್ಲ ತಾನೆ?" ಎಂದು ಕೇಳುತ್ತಾರೆ. ಛೇ ಛೇ, ಅದು ಬೇರೆ ಕಂಪನಿದು ಎನ್ನುತ್ತೇನೆ. ಇದೇ ಎಂಬುದು ಗೊತ್ತಿರುವುದು ನನಗೆ ಮತ್ತು ಆ ಇಲಿಗೆ ಮಾತ್ರ. ಅದು ಇನ್ನೂ ಬಾಯಿ ಬಿಟ್ಟಿಲ್ಲ.