ಹೀಬ್ರೂ ಹೆಸರಿನ ಫಜೀತಿ

ಬದರೀನಾಥರು ಫೋನಿನಲ್ಲಿ ಮಗುವಿನ ಹೆಸರು ಕೇಳಿದಾಗ ದ್ವಾರಕನಾಥ ಏನಾದರೊಂದು ಸುಳ್ಳು ಹೇಳಿಬಿಟ್ಟಿದ್ದರೆ, ಆ ಶನಿವಾರ ಸಿಂಗಪುರದ ಟ್ಯಾಂಪಿನೀಸಿನಲ್ಲಿ ಒಂದು ಸಾಧಾರಣ ನಾಮಕರಣ ನಡೆದು, ಬಂದವರೆಲ್ಲ ಬಿಸಿಬೇಳೆಬಾತು ತಿಂದು ಸುಮ್ಮನೆ ಮನೆಗೆ ಹೋಗುತ್ತಿದ್ದರು. ಆದರೆ ಬೆಳಗಿನ ಕಾಫಿಗೆ ಮುಂಚೆ ದ್ವಾರಕನಾಥನಿಗೆ ಸುಳ್ಳು ಹೊಳೆಯುತ್ತಿರಲಿಲ್ಲ.

"ಯಾರಿಗೂ ಹೇಳ್ಬೇಡಿ ಅಂಕಲ್, ಸಸ್ಪೆನ್ಸ್ ಇಟ್ಟಿದೀವಿ. ನೋಗಾ ಅಂತ."

ಬದರೀನಾಥರು ವಾರವಿಡೀ ಯೂನಿವರ್ಸಿಟಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿ, ಶನಿವಾರ ಭಾನುವಾರ ಪಂಚೆಯುಟ್ಟು ಕನ್ನಡದವರ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದವರು. ಅವರು ಮೆಲ್ಲಗೆ ಕೇಳಿದರು.

"ನೊಗ ಅಂದ್ರೆ... ಎತ್ತಿನ ಹೆಗಲ ಮೇಲೆ ಇಡ್ತಾರಲ್ಲ, ಅದೇನಪ್ಪಾ?"

ದ್ವಾರಕನಾಥ ಇನ್ನೂ ಕುಡಿಯದ ಕಾಫಿ ಲೋಟ ಕೆಳಗಿಟ್ಟ.

ಅವನು ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವನು. ಎತ್ತನ್ನು ಹತ್ತಿರದಿಂದ ನೋಡಿದ್ದು ಕಡಲೆಕಾಯಿ ಪರಿಷೆಯಲ್ಲಿ, ಅದೂ ಕಲ್ಲಿನ ಎತ್ತು. 'ಸಂಸಾರದ ನೊಗ' ಎಂಬುದನ್ನು ಪತ್ರಿಕೆಗಳಲ್ಲಿ ಓದಿರಲಿಲ್ಲವೆಂದಲ್ಲ. ಆದರೆ ಈ ಹೆಸರನ್ನು ಅವನು ಇದುವರೆಗೂ ನೋಡಿದ್ದು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ. ಅದಕ್ಕೂ ಇದಕ್ಕೂ ನಂಟಿದೆಯೆಂದು ಅವನ ತಲೆಗೆ ಹೊಳೆದೇ ಇರಲಿಲ್ಲ.

"ನೊಗ ಅಲ್ಲ ಅಂಕಲ್, ನೋ-ಗಾ. ದೀರ್ಘ. ಹೀಬ್ರೂ ಹೆಸರು. ಬೆಳಕು, ಪ್ರಭೆ ಅಂತ ಅರ್ಥ. ಶುಕ್ರಗ್ರಹಕ್ಕೂ ಅದೇ ಹೆಸರು."

"ದೀರ್ಘ ನಿನ್ನ ಬಾಯಲ್ಲಿ ಇರುತ್ತೆ ಕಣಯ್ಯಾ. ನಮ್ಮ ಜನದ ಬಾಯಲ್ಲಿ ಇರುತ್ತಾ? ಆಯ್ತು ಬಿಡು, ನಾನು ಯಾರಿಗೂ ಹೇಳಲ್ಲ," ಎಂದು ಬದರೀನಾಥರು ಫೋನಿಟ್ಟರು. ಕೊಟ್ಟ ಮಾತಿಗೆ ತಪ್ಪದೆ ಹೆಂಡತಿ ಉಮಾ ಒಬ್ಬರಿಗೆ ಮಾತ್ರ ಹೇಳಿದರು.

ಇಷ್ಟಕ್ಕೂ ಹೀಬ್ರೂವಿನವರೆಗೆ ಹೋಗುವ ಗರಜೇನಿತ್ತು? ಅದಕ್ಕೆ ದ್ವಾರಕನಾಥನ ಹೆಂಡತಿ ಪ್ರಣತಿಯೇ ಕಾರಣ. ಸಿಂಗಪುರಕ್ಕೆ ಆಗ ತಿಂಗಳಿಗೊಂದು ಹೊಸ ಕನ್ನಡ ಸಂಸಾರ ಬಂದಿಳಿಯುತ್ತಿದ್ದ ಕಾಲ. ಹಿಂದಿನ ವರ್ಷದ ಗಣೇಶನ ಹಬ್ಬದಲ್ಲಿ ಯಾರೋ "ಅನನ್ಯಾ!" ಎಂದು ಕೂಗಿದ್ದಕ್ಕೆ ಐದು ಮಕ್ಕಳು ಒಟ್ಟಿಗೆ ಓಡಿಬಂದಿದ್ದವು. ತನ್ನಂಥವರು ಇನ್ನೊಬ್ಬರಿಲ್ಲ ಎಂಬ ಅರ್ಥದ ಹೆಸರಿನ ಐದು ಮಕ್ಕಳು! ಆಗಷ್ಟೇ ಬಸುರಿಯಾಗಿದ್ದ ಪ್ರಣತಿ ಅಲ್ಲೇ ಶಪಥ ಮಾಡಿದಳು. "ರೀ, ನಮ್ಮ ಮಗು ಹೆಸರು ಇನ್ಯಾರಿಗೂ ಇರ್ಬಾರ್ದು. ಅಷ್ಟೇ. ಹುಡುಕೋದು ನಿಮ್ಮ ಕೆಲಸ."

ದ್ವಾರಕನಾಥ ಪಾಸಿರ್ ಪಂಜಾಂಗಿನ ಶಿಪ್ಪಿಂಗ್ ಕಂಪನಿಯೊಂದರಲ್ಲಿ ಕಂಟೈನರುಗಳ ಜಾಡು ಹಿಡಿಯುವ ಸಾಫ್ಟ್‌ವೇರ್ ಬರೆಯುತ್ತಿದ್ದ. ಲೋಕದ ಕಂಟೈನರುಗಳಿಗೆಲ್ಲ ಬೇರೆ ಬೇರೆ ನಂಬರು ಇರುವಾಗ ಒಂದು ಕೂಸಿಗೆ ಬೇರೆ ಹೆಸರು ಸಿಗದೇ ಎಂದು ಹುಮ್ಮಸ್ಸಿನಿಂದಲೇ ಹೊರಟ. ಸಂಸ್ಕೃತ ಮುಗಿಯಿತು, ಪಾರ್ಸಿ ಮುಗಿಯಿತು, ಗ್ರೀಕ್ ಬಾಯಿಗೆ ಹಿಡಿಸಲಿಲ್ಲ. ಕೊನೆಗೆ ಮಕ್ಕಳ ಹೆಸರಿನ ಒಂದು ವೆಬ್‌ಸೈಟಿನಲ್ಲಿ ಇದು ಸಿಕ್ಕಿತು. ಮೂಲ ಹೀಬ್ರೂ. ಅರ್ಥ ಪ್ರಭೆ. ಜನಪ್ರಿಯತೆ ಅತಿ ವಿರಳ.

ಮಗು ಹುಟ್ಟಿದ್ದು ಶುಕ್ರವಾರ. "ಶುಕ್ರವಾರದ ಲಕ್ಷ್ಮಿಗೆ ಶುಕ್ರನ ಹೆಸರು!" ಎಂದು ಪ್ರಣತಿ ಆಸ್ಪತ್ರೆಯ ಮಂಚದ ಮೇಲೇ ಅವನ ಕೆನ್ನೆ ಹಿಂಡಿದ್ದಳು. ರೈಲ್ವೆ ಇಂಜಿನಿಯರ್ ಮಗಳಾಗಿ ಪುಣೆ, ಭುಸಾವಳ ಸುತ್ತಿ ಬೆಳೆದ ಅವಳಿಗೆ ನೊಗವೂ ಗೊತ್ತಿರಲಿಲ್ಲ, ನೇಗಿಲೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಅವಳಪ್ಪ ಪುಟ್ಟಸ್ವಾಮಿಗೆ. ಅವರು ನಾಗಮಂಗಲದ ಕಡೆಯ ರೈತಾಪಿ ಮನೆತನದವರು. ರೈಲ್ವೆಯಿಂದ ರಿಟೈರ್ ಆಗಿ ಮೈಸೂರಿನಲ್ಲಿದ್ದವರು ಹೆಂಡತಿ ಸೀತಾರೊಂದಿಗೆ ಬಾಣಂತನಕ್ಕೆಂದು ಬಂದಿದ್ದರು. ಎಂಜಿನ್ನಿನ ಹಾಗೆ ದೊಡ್ಡ ದನಿ, ಎಂಜಿನ್ನಿನ ಹಾಗೇ ಬೇಗ ಕಾಯುವ ಸ್ವಭಾವ. 'ನನ್ನ ಮೊಮ್ಮಗಳಿಗೆ ನೊಗ ಅಂತ ಹೆಸರಿಡ್ತೀಯೇನೋ' ಎಂದು ಅವರು ಗುಡುಗುವುದನ್ನು ನೆನೆದು ದ್ವಾರಕನಾಥ ಬಾಗಿಲತ್ತ ನೋಡಿದ. ಪುಣ್ಯಕ್ಕೆ ಮಾವ ಪಾರ್ಕಿಗೆ ವಾಕಿಂಗ್ ಹೋಗಿದ್ದರು. ಒಳಗೆ ಪ್ರಣತಿ ರೇಷ್ಮೆ ಸೀರೆಯ ನೆರಿಗೆ ಹಿಡಿಯುತ್ತ ಗುನುಗುತ್ತಿದ್ದಳು. ಅವಳಿಗೆ ಹೇಳುವ ಧೈರ್ಯ ಬರಲಿಲ್ಲ.

ಊಟದ ಏರ್ಪಾಡು ನೋಡಲು ಅವನು ಬ್ಲಾಕಿನ ಕೆಳಗಿನ ತೆರೆದ ಹಜಾರವಾದ ವಾಯ್ಡ್ ಡೆಕ್‌ಗೆ ಇಳಿದ. ಲಿಫ್ಟಿನ ಬಾಗಿಲು ತೆರೆಯುತ್ತಲೇ ಮೇಲಿನ ಮಹಡಿಯ ರೇಣುಕಾ ಆಂಟಿ ಎದುರಾದರು.

"ಏನ್ ದ್ವಾರಕ, ಹೆಣ್ಮಗೂಗೆ ನೊಗಾನಾ? ನಾಳೆ ಮದುವೆ ಮಾಡೋವಾಗ ಗಂಡಿನ ಕಡೆಯೋರು ಏನ್ ಅಂದ್ಕೋತಾರೆ? ನೊಗ ಕೊಡ್ತಾ ಇದಾರೆ, ಕೊರಳೊಡ್ಡು ಅಂತಾರೆ ಅಷ್ಟೆ!"

"ಆಂಟಿ, ನಿಮಗೆ ಯಾರು..."

"ಉಮಾ ಹೇಳಿದ್ಲು. ಅವಳು ಯಾರಿಗೂ ಹೇಳ್ಬೇಡ ಅಂದಿದಾಳೆ, ನಾನೂ ಹೇಳಲ್ಲ," ಎಂದರು ಆಂಟಿ, ಹಿಂದೆ ನಿಂತಿದ್ದ ಏಳೆಂಟು ಜನಕ್ಕೂ ಕೇಳಿಸುವಂತೆ.

ಆ ಏಳೆಂಟು ಜನರಲ್ಲಿ ಆಫೀಸಿನ ಗೆಳೆಯ ಗುರುಮೂರ್ತಿಯೂ ಇದ್ದ. ಅವನು ಆಗಲೇ ಬೆರಳು ಮಡಿಸಿ ನ್ಯೂಮರಾಲಜಿ ಲೆಕ್ಕ ಹಾಕುತ್ತಿದ್ದ. "ಸ್ಪೆಲ್ಲಿಂಗ್ ಚೇಂಜ್ ಮಾಡು ಮಗಾ. ಕೊನೇಲಿ ಇನ್ನೆರಡು 'ಎ' ಸೇರಿಸು. ಸೌಂಡ್ ನೋಗಾಽಽ ಅಂತ ಎಳ್ಕೊಂಡು ಹೋಗತ್ತೆ."

"ಎಳ್ಕೊಂಡು ಹೋಗೋಕೆ ಅಲ್ವೇನ್ರೀ ನೊಗ ಇರೋದು," ಎಂದರು ಯಾರೋ. ವಾಯ್ಡ್ ಡೆಕ್ಕೆಲ್ಲ ನಗೆಯಾಡಿತು.

"ರಿಷಿಕಾ ಇಡಿ."

"ಅದು ನಮ್ಮ ಕಸಿನ್ ಮಗಳದ್ದು."

"ಆದ್ಯಾ?"

"ನಮ್ಮ ಬ್ಲಾಕಲ್ಲೇ ಇಬ್ರಿದಾರೆ."

ಗಲಾಟೆಯ ನಡುವೆ ದ್ವಾರಕನಾಥನ ಕಣ್ಣು ಮೂಲೆಯ ಮೇಜಿನ ಮೇಲೆ ಬಿತ್ತು. ಅತಿಥಿಗಳಿಗೆ ಕೊಡಲು ತಂದಿದ್ದ ಲಾಡು ಡಬ್ಬಿಗಳು ಅಲ್ಲಿ ಗೋಪುರದಂತೆ ನಿಂತಿದ್ದವು. ಪ್ರತಿ ಡಬ್ಬಿಯ ಮೇಲೂ ಹೆಸರಿನ ಸ್ಟಿಕ್ಕರು. ಲಿಟಲ್ ಇಂಡಿಯಾದ ಪ್ರಿಂಟರಿನವನು ಉತ್ಸಾಹದಿಂದ ಕೆಳಗೆ ಕನ್ನಡದಲ್ಲೂ ಹಾಕಿಕೊಟ್ಟಿದ್ದ, ದೀರ್ಘವನ್ನು ಎರಡೂ ಕಡೆ ನುಂಗಿ. ಕೆಂಪು ಅಕ್ಷರದಲ್ಲಿ ದುಂಡಗೆ: ನೊಗ.

"ಕೀಳಿ! ಎಲ್ಲಾ ಕೀಳಿ!" ಎಂದು ಅವನು ಡಬ್ಬಿಗಳ ಮೇಲೆ ಬಿದ್ದ.

ನೆರೆಹೊರೆ ಎಂದರೆ ಅದು. ನಕ್ಕವರೆಲ್ಲ ಕೂತು ಸ್ಟಿಕ್ಕರು ಕೆರೆಯತೊಡಗಿದರು. ಸ್ಟಿಕ್ಕರು ಮಾತ್ರ ಬಾಡಿಗೆದಾರನಂತೆ ಬಿಡಲೊಲ್ಲದು. ಅರ್ಧ ಕಿತ್ತರೆ ಅರ್ಧ ಉಳಿಯಿತು. ಕೆಲವು ಡಬ್ಬಿಗಳ ಮೇಲೆ ಬರೀ 'ನೊ', ಕೆಲವುಗಳ ಮೇಲೆ ಬರೀ 'ಗ'. ರೇಣುಕಾ ಆಂಟಿಯ ಉಗುರಿನ ಬಣ್ಣ ಹೋಯಿತು, ಗುರುಮೂರ್ತಿಯ ಜುಬ್ಬಕ್ಕೆ ಲಾಡಿನ ತುಪ್ಪ ಮೆತ್ತಿತು. ಅಷ್ಟರಲ್ಲಿ ಬದರೀನಾಥರು ಮೇಲಿನಿಂದ ಕಾರಿಡಾರಿನ ಕಟಕಟೆಗೆ ಬಾಗಿ ಕೂಗಿದರು: "ಲೋ ದ್ವಾರಕ, ಮುಹೂರ್ತ ಮೀರ್ತಾ ಇದೆ! ಬರ್ತೀಯೋ, ನಾನೇ ಒಂದು ಹೆಸರಿಟ್ಟು ಹೋಗ್ಲೋ?"

"ಹತ್ತೇ ನಿಮಿಷ ಅಂಕಲ್!"

ಹೀಗೆ ಮೂರು ಸಲ ಕೂಗಾಯಿತು, ಮೂರು ಸಲ ಹತ್ತು ನಿಮಿಷವಾಯಿತು. ಅವನು ಮೇಲೆ ಹೋಗುವ ಹೊತ್ತಿಗೆ ಹೊತ್ತು ನೆತ್ತಿ ದಾಟಿತ್ತು. ಲಿಫ್ಟಿನಲ್ಲಿ ಅವನಿಗೆ ಉಪಾಯ ಹೊಳೆಯಿತು. ನೋಗಾ ಅಂದರೆ ಬೆಳಕು. ಬೆಳಕು ಅಂದರೆ ಜ್ಯೋತಿ. ಅರ್ಥ ಅದೇ, ಭಾಷೆ ಮಾತ್ರ ನಮ್ಮದು. ಪ್ರಣತಿ ಒಂದು ವಾರ ಮಾತು ಬಿಡಬಹುದು. ಮಾವನ ಗುಡುಗಿಗಿಂತ ಅದೇ ವಾಸಿ.

ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಟ್ಟಿಲಿಗೆ ಮಲ್ಲಿಗೆ ಸುತ್ತಿತ್ತು. ಪುಟ್ಟಸ್ವಾಮಿ ಬಿಳಿ ಪಂಚೆಯುಟ್ಟು ಗೋಡೆಗೊರಗಿ, ಮೀಸೆ ತಿರುವುತ್ತ ಕೂತಿದ್ದರು. ದ್ವಾರಕನಾಥ ಅತ್ತ ನೋಡದೆ ಮಣೆಯ ಮೇಲೆ ಕುಳಿತ. ಬದರೀನಾಥರು ಅಕ್ಕಿಯ ತಟ್ಟೆ ಮುಂದಿಟ್ಟರು. ಅವನು ಉಂಗುರ ಹಿಡಿದು ಅಕ್ಕಿಯ ಮೇಲೆ 'ಜ್ಯೋ' ಎಂದು ಬರೆದ.

"ರೀ!" ಎಂದಳು ಪ್ರಣತಿ ಹಲ್ಲು ಕಚ್ಚಿ. "ಏನಿದು?"

"ಆಮೇಲೆ ಹೇಳ್ತೀನಿ."

"ತಡೀರಿ!" ಎಂದು ಎಂಜಿನ್ ಕೂಗಿತು. ಪುಟ್ಟಸ್ವಾಮಿ ಎದ್ದು ನಿಂತಿದ್ದರು. "ಅದ್ಯಾವುದ್ರೀ ಅಳಿಯಂದ್ರೆ ಜ್ಯೋತಿ? ನೊಗ ಅಂತಲ್ವಾ ಇಡೋದು?"

ದ್ವಾರಕನಾಥ ಮಣೆಯಿಂದ ಅರ್ಧ ಎದ್ದ.

"ಮಾವ, ಅದು... ತಪ್ಪಾಯ್ತು..."

"ಏನ್ ತಪ್ಪು? ಬೆಳಿಗ್ಗೆ ಪಾರ್ಕಲ್ಲಿ ಉಮಮ್ಮೋರು ಹೇಳ್ದಾಗ ನಾನ್ ನಿಂತಲ್ಲೇ ಅತ್ತುಬಿಟ್ಟೆ ಕಣ್ರೀ! ನಮ್ಮಪ್ಪ ನೊಗ ಕಟ್ಟಿ ಉತ್ತು ನನ್ನನ್ನ ಓದಿಸ್ದ. ನಾನು ರೈಲು ಹತ್ಕೊಂಡು ಹೊಂಟೋದೆ, ಹಿಂತಿರುಗಿ ನೋಡ್ಲಿಲ್ಲ. ಸಿಂಗಪುರದಲ್ಲಿ ಕಂಪ್ಯೂಟ್ರು ಕುಟ್ಟೋ ಅಳಿಯ ಅದನ್ನ ನೆನೆಸ್ಕೊಂಡು ಮಗೀಗೆ ಹೆಸರಿಡ್ತಾನೆ ಅಂದ್ರೆ!" ಪುಟ್ಟಸ್ವಾಮಿ ಹೆಂಡತಿಯ ಕಡೆ ಕೈ ತೋರಿಸಿದರು. "ಇವಳ ಹೆಸರು ಸೀತಾ. ಸೀತೆ ಅಂದ್ರೆ ನೇಗಿಲು ಎಳೆದ ಗೆರೆ. ಅಜ್ಜಿ ಗೆರೆ ಆಗ್ಬೋದು, ಮೊಮ್ಮಗಳು ನೊಗ ಆಗ್ಬಾರ್ದಾ?"

"ನಾನು ಬೆಳಿಗ್ಗೇನೇ ಹೇಳ್ಲಿಲ್ವಾ, ಎಂಥಾ ಅರ್ಥ ಇರೋ ಹೆಸರು ಅಂತ!" ಎಂದು ರೇಣುಕಾ ಆಂಟಿ ಕಣ್ಣೊರೆಸಿಕೊಂಡರು.

ಪ್ರಣತಿ ಗಂಡನ ಕಿವಿಯ ಹತ್ತಿರ ಬಾಗಿದಳು. "ಶುಕ್ರಗ್ರಹ ಅಂದ್ರಲ್ಲ?"

"ಅದೂ ಹೌದು ಕಣೇ. ಹೀಬ್ರೂನಲ್ಲಿ."

"ಅಪ್ಪನ್ನ ಖುಷಿ ಮಾಡೋಕೆ ಇಷ್ಟು ದಿನ ನನಗೆ ಹೀಬ್ರೂ ಕತೆ ಹೇಳಿದ್ರಾ?" ಎಂದಳು ಅವಳು. ಆದರೆ ಕಣ್ಣು ತುಂಬಿಕೊಂಡು ನಿಂತ ಅಪ್ಪನನ್ನು ನೋಡಿ ಅವಳ ಕೋಪ ಅರ್ಧಕ್ಕೇ ಕರಗಿತು. "ಹೋಗ್ಲಿ ಬಿಡಿ. ಹೇಗೂ ಈ ಹೆಸರು ಇನ್ಯಾರಿಗೂ ಇಲ್ವಲ್ಲ, ಅಷ್ಟು ಸಾಕು."

ಅಕ್ಕಿಯ ಮೇಲಿನ 'ಜ್ಯೋ' ಅಳಿಸಿತು. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿಯಾಯಿತು. ದ್ವಾರಕನಾಥ ಮೂರು ಸಲವೂ ದೀರ್ಘವನ್ನು ಸ್ಪಷ್ಟವಾಗಿಯೇ ಹೇಳಿದ. ಹಿಂದಿನಿಂದ ಜನರೆಲ್ಲ ಮೂರು ಸಲವೂ ಹ್ರಸ್ವದಲ್ಲೇ ಕೂಗಿದರು. ಆದರೂ ಅವನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಮಾವ ಸಂತೋಷವಾಗಿದ್ದರು, ಹೆಂಡತಿ ನಗುತ್ತಿದ್ದಳು, ಕೆಳಗೆ ಬಿಸಿಬೇಳೆಬಾತಿನ ಘಮ ಲಿಫ್ಟ್ ಹತ್ತಿ ಬರುತ್ತಿತ್ತು.

ಆಗ ಪುಟ್ಟಸ್ವಾಮಿಯ ಫೋನ್ ಹೊಡೆದುಕೊಂಡಿತು. ನಾಗಮಂಗಲದಿಂದ ಅವರ ತಮ್ಮ. ಪುಟ್ಟಸ್ವಾಮಿ ಹ್ಞೂಂ, ಹ್ಞೂಂ ಎನ್ನುತ್ತ ಮುಖವರಳಿಸಿದರು. ಫೋನಿಟ್ಟು ಇಡೀ ಹಾಲಿಗೆ ಸಾರಿದರು.

"ಬೆಳಿಗ್ಗೆ ಪಾರ್ಕಿಂದ್ಲೇ ಊರಿಗೆಲ್ಲಾ ಫೋನ್ ಮಾಡಿ, ಹಿಂಗೊಂದು ಹೆಸರು ಅಂತ ಹೇಳಿದ್ದೆ. ತಮ್ಮನ ಸೊಸೆ ಮಗೀದೂ ಇವತ್ತೇ ನಾಮಕರಣ ಇತ್ತು. ಅವರಿಗೆ ಎಷ್ಟು ಹಿಡಿಸ್ತು ಅಂದ್ರೆ, ಅವರ ಮಗೀಗೂ ಅದನ್ನೇ ಇಟ್ಟವ್ರಂತೆ! ಪಕ್ಕದೂರಲ್ಲಿ ನನ್ನ ಸೋದರಮಾವನ ಮೊಮ್ಮಗನೂ ಕೇಳವ್ನೆ, ಅವನ ಮಗೀಗೆ ನಾಮಕರಣ ಬರೋ ತಿಂಗಳು."

ಪ್ರಣತಿಯ ನಗು ಇದ್ದಲ್ಲೇ ನಿಂತಿತು. ದ್ವಾರಕನಾಥ ಸಣ್ಣ ದನಿಯಲ್ಲಿ ಕೇಳಿದ. "ಆದ್ರೂ ಮೊದಲು ನಮ್ದೇ ಅಲ್ವಾ ಮಾವ?"

"ಎಲ್ಲಿ! ನೀವು ಕೆಳಗೆ ಅದೇನೋ ಕೆರೀತಾ ಕೂತ್ರಲ್ಲ, ಅಷ್ಟರಲ್ಲಿ ಅವರದು ತೊಟ್ಟಿಲಿಗೆ ಹಾಕಿ ತಿಂಡೀನೂ ಆಗೋಯ್ತಂತೆ," ಎಂದು ಪುಟ್ಟಸ್ವಾಮಿ ಮೊಮ್ಮಗಳ ಗಲ್ಲ ಸವರಿದರು. "ಏನೂ ತೊಂದ್ರೆ ಇಲ್ಲ. ಗೊಂದಲ ಆಗ್ದಂಗೆ ಫೋನಲ್ಲೇ ತೀರ್ಮಾನ ಮಾಡಿದೀವಿ. ಅದು ದೊಡ್ಡನೊಗ. ನಮ್ದು ಚಿಕ್ಕನೊಗ."