ಆನೆ ಎಳೆದರೂ ಬಿಚ್ಚದ ಹೊಲಿಗೆ

"ನಾನು ಹಾಕಿದ ಹೊಲಿಗೆ ಆನೆ ಎಳೆದರೂ ಬಿಚ್ಚಬಾರದು!"

ಹಳೇ ಆಟೋಮ್ಯಾಟಿಕ್ ಕಾರು ಕೊಂಡ ದಿನವೇ ಟೈಲರ್ ಮಾಸ್ಟರು ಹೊರಡಿಸಿದ ಘೋಷಣೆ ಇದು. ಸೀಟಿನಿಂದ ಗೇರಿನ ಬುಡದವರೆಗೆ ಕಾರಿನ ಒಳಗೆಲ್ಲ ಕೆಂಪು ರೆಕ್ಸಿನ್ ಹೊಲಿದು ಹಾಕುವುದೆಂದು ಶಪಥ! ಭಾನುವಾರವಿಡೀ ಕಾರಿನೊಳಗೆ ದೀಪ ಹಾಕಿಕೊಂಡು ಹೊಲಿದೇ ಹೊಲಿದರು. ಸಂಜೆ ಹೆಂಡತಿಯನ್ನು ಕರೆದರು.

"ಹೇಗಿದೆ?"

"ಒಡವೆ ಪೆಟ್ಟಿಗೆ ಥರ ಇದೆ. ಆದ್ರೆ ರೀ, ಅಡಿಯಲ್ಲಿ ಏನೇನಿತ್ತು ಅಂತ ನೋಡಿಕೊಂಡೇ ಮುಚ್ಚಿದ್ರಾ?"

"ನಲವತ್ತು ವರ್ಷದ ಕೈ ಕಣೇ ಇದು!"

ಆ ನಲವತ್ತು ವರ್ಷದ ಕೈ ದೀಪ ಆರಿಸುವುದನ್ನು ಮರೆತಿತ್ತು.

ಬೆಳಗಾಗುವುದೇ ತಡ, ಪಕ್ಕದ ಮನೆಯ ಹೆಡ್‌ಕ್ಲರ್ಕು ಬಾಗಿಲು ಬಡಿದರು. "ಮಾಸ್ಟ್ರೇ, ಮಗಳಿಗೆ ಹೆರಿಗೆ ನೋವು! ಆಂಬುಲೆನ್ಸಿನವರು ಒಂದು ಗಂಟೆ ಆಗುತ್ತೆ ಅಂತಾರೆ. ಬೇಗ ನಿಮ್ಮ ಕಾರು ತೆಗೀರಿ!"

ಎರಡು ಮನೆಗೂ ಇದ್ದದ್ದು ಒಂದೇ ಗೇಟು. ಅದಕ್ಕೆ ಅಡ್ಡವಾಗಿ ಮಾಸ್ಟರ ಕಾರು, ಅದರ ಹಿಂದೆ ಹೆಡ್‌ಕ್ಲರ್ಕರ ಕಾರು, ಅದರೊಳಗೆ "ಅಪ್ಪಾ, ಬೇಗ!" ಎಂದು ನರಳುವ ಮಗಳು.

"ಒಂದೇ ನಿಮಿಷ!" ಎಂದು ಮಾಸ್ಟರು ಕೀಲಿ ತಿರುಗಿಸಿದರು. ಕಾರು ಕಮಕ್ ಕಿಮಕ್ ಎನ್ನಲಿಲ್ಲ. ರಾತ್ರಿಯೆಲ್ಲ ದೀಪ ಉರಿದು ಬ್ಯಾಟರಿ ಸತ್ತಿತ್ತು. ಆಟೋಮ್ಯಾಟಿಕ್ ಗೇರೋ, ಬ್ಯಾಟರಿ ಇಲ್ಲದೆ ಬೀಗ ಬಿದ್ದಂತೆ, ಪಾರ್ಕಿಂಗ್ ಬಿಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ! ಎಲ್ಲರೂ ಸೇರಿ ತಳ್ಳಿದರು. ಬೆವರು ಉರುಳಿತೇ ಹೊರತು ಚಕ್ರ ಉರುಳಲಿಲ್ಲ.

ಹೆಂಡತಿ ಕಾರಿನ ಪುಸ್ತಕ ಹಿಡಿದು ಓಡಿಬಂದಳು. "ರೀ, ಸಿಕ್ತು! ಗೇರಿನ ಪಕ್ಕ ಒಂದು ಚಿಕ್ಕ ಮುಚ್ಚಳ ಇರುತ್ತಂತೆ. ಅದನ್ನ ತೆಗೆದು, ಬ್ರೇಕ್ ತುಳಿದು, ಒಳಗಿನ ಗುಂಡಿ ಒತ್ತಿದ್ರೆ ಗೇರು ನ್ಯೂಟ್ರಲ್‌ಗೆ ಬರುತ್ತಂತೆ!"

"ನಮ್ಮ ಕಾರಲ್ಲಿ ಅಂಥ ಮುಚ್ಚಳವೇ ಇಲ್ಲ!"

"ಇತ್ತೋ, ಇಲ್ವೋ?"

ಮಾಸ್ಟರು ರೆಕ್ಸಿನ್ ಮೇಲೆ ಬೆರಳಾಡಿಸಿದರು. ಅಡಿಯಲ್ಲಿ ಚೌಕನೆಯ ಅಂಚೊಂದು ತಾಗಿತು. ನಾಲಿಗೆ ಕಚ್ಚಿಕೊಂಡರು.

"ಕತ್ತರಿ ತರ್ತೀನಿ!" ಎಂದಳು ಹೆಂಡತಿ.

"ಕತ್ತರಿ ಬೇಡ್ವೇ! ಹೊಲಿಗೆ ಮಾತ್ರ ಬಿಚ್ಚೋಣ."

ಉಗುರಿನಿಂದ ಕೆರೆದರು, ಸೂಜಿಯಿಂದ ಕೆದಕಿದರು, ಹಲ್ಲಿನಿಂದ ಕಚ್ಚಿ ಎಳೆದರು. ಆನೆ ಎಳೆದರೂ ಬಿಚ್ಚದ ಹೊಲಿಗೆ, ಹಾಕಿದವರಿಗೇ ಬಿಚ್ಚಲಿಲ್ಲ! ಹಿಂದಿನ ಕಾರಿನಿಂದ "ಅಮ್ಮಾ!" ಎಂಬ ಕೂಗು ಬಂತು. ಅಷ್ಟರಲ್ಲಿ ಕತ್ತರಿಯೂ ಬಂತು.

ಮಾಸ್ಟರು ಕಣ್ಣು ಮುಚ್ಚಿ ಕತ್ತರಿ ಹಾಕಿಯೇ ಬಿಟ್ಟರು. ಪರ್ರ್! ರೆಕ್ಸಿನ್ ಜೊತೆಗೆ ಅವರ ಹೊಟ್ಟೆಯೂ ಹರಿದಂತಾಯಿತು. ಮುಚ್ಚಳ ಹಾರಿತು. ಬ್ರೇಕ್ ತುಳಿದು ಕತ್ತರಿಯ ತುದಿಯಿಂದ ಗುಂಡಿ ಒತ್ತಿದ್ದೇ ತಡ, ಗೇರು ಟಕ್ಕೆಂದು ನ್ಯೂಟ್ರಲ್‌ಗೆ ಬಂತು! ಹ್ಯಾಂಡ್‌ಬ್ರೇಕ್ ಬಿಟ್ಟು, "ಐಸಾ!" ಎಂದು ತಳ್ಳಿದರೆ ಕಾರು ಗೇಟು ದಾಟಿ ರಸ್ತೆ ಬದಿಗೆ ನಿಂತಿತು. ಹೆಡ್‌ಕ್ಲರ್ಕರ ಕಾರು ಹಾರ್ನ್ ಬಾರಿಸುತ್ತ ಬಾಣದಂತೆ ಹೋಯಿತು.

ಸಂಜೆ ಹೆಡ್‌ಕ್ಲರ್ಕು ಬಾಯಿತುಂಬ ನಗುತ್ತ ಬಂದರು. "ಮೊಮ್ಮಗಳು, ಮಾಸ್ಟ್ರೇ! ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಅವಳ ಮೊದಲ ಅಂಗಿ ನೀವೇ ಹೊಲೀಬೇಕು!"

ಮಾಸ್ಟರ ಎದೆ ಮತ್ತೆ ಉಬ್ಬಿತು. "ಅದಕ್ಕೇನಂತೆ! ಎಂಥ ಹೊಲಿಗೆ ಹಾಕ್ತೀನಿ ನೋಡಿ, ಆನೆ ಎಳೆದರೂ..."

ಹೆಡ್‌ಕ್ಲರ್ಕು ಗಾಬರಿಯಿಂದ ಎರಡೂ ಕೈ ಮುಗಿದರು.

"ಅದೊಂದು ಬೇಡ ಮಾಸ್ಟ್ರೇ! ಹಸುಗೂಸು ಅದು, ದಿನಕ್ಕೆ ಹತ್ತು ಸಲ ಬಿಚ್ಚಬೇಕು!"