ಮಾವನ ಕಲ್ಲಿಗೆ ಜೀಪಿನ ಜರಡಿ

ಕಣದಲ್ಲಿ ಒಣಹಾಕಿದ ಕಾಫಿಯ ನಡುವೆ ಸಾಸಿವೆಯಷ್ಟು ಕಲ್ಲಿದ್ದರೂ ಜಗಲಿಯಿಂದಲೇ ಪತ್ತೆ ಹಚ್ಚುವ ಮಹಾಶಯರು ನಮ್ಮ ಸೋದರಮಾವ. ಅಂಥವರಿಗೆ ತಮ್ಮದೇ ಕಿಡ್ನಿಯ ಕಲ್ಲು ಮಾತ್ರ ಕಾಣಿಸಲಿಲ್ಲ!

ಎಡಪಕ್ಕೆಯಲ್ಲಿ ಎದ್ದ ನೋವು ತೊಡೆಸಂದಿಗೆ ಇಳಿದಾಗ ಕೂರಲಾರದೆ, ನಿಲ್ಲಲಾರದೆ ಜಗಲಿ ತುಂಬ ಸುತ್ತಿದರು. "ಎಂಥದೂ ಇಲ್ಲ ಮಾರಾಯ, ವಾಯು!" ಎಂದವರೇ ವಾಂತಿ ಮಾಡಿದರು. ಮೂತ್ರ ಕೆಂಪಾದಾಗ ಅದಕ್ಕೂ ಕಾರಣ ಸಿದ್ಧವಿತ್ತು.

"ನಿನ್ನೆ ನಿನ್ನತ್ತೆ ಬೀಟ್‌ರೂಟ್ ಪಲ್ಯ ಮಾಡಿದ್ಲಲ್ಲ!"

"ನಾನು ಮಾಡಿದ್ದು ಬೀನ್ಸ್!" ಎಂದು ಅತ್ತೆ ಒಳಗಿಂದಲೇ ಕೂಗಿದರು.

ನಾಪೋಕ್ಲಿನ ಡಾಕ್ಟರು ಸ್ಕ್ಯಾನ್ ನೋಡಿ, "ಸಣ್ಣ ಕಲ್ಲು. ಮಾತ್ರೆ ತಗೊಳ್ಳಿ, ಚೆನ್ನಾಗಿ ನೀರು ಕುಡೀರಿ, ತಾನಾಗೇ ಹೋಗ್ಬಹುದು. ಚಳಿಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ, ನೋವು ತಡೆಯೋಕಾಗದಿದ್ರೆ ಕೂಡಲೇ ಬನ್ನಿ" ಎಂದರು.

"ನೀರಿನ ಬದಲು ಕಾಫಿ ಆಗ್ತದಾ ಡಾಕ್ಟ್ರೇ?"

"ನೀರು ಅಂದ್ರೆ ನೀರು!"

ನೀರಿರುವುದು ಕಾಫಿ ಗಿಡದಲ್ಲಿ ಹೂ ಅರಳಿಸಲಿಕ್ಕೆ, ಮನುಷ್ಯರು ಕುಡಿಯಲಿಕ್ಕಲ್ಲ ಎಂಬುದು ಮಾವನ ಸಿದ್ಧಾಂತ. ಹಾಗಾಗಿ ಮರುದಿನ ತಮ್ಮದೇ ಚಿಕಿತ್ಸೆ ಶುರು ಮಾಡಿದರು. ನನ್ನನ್ನು ಜೀಪಿಗೆ ಹತ್ತಿಸಿ, ತೋಟದ ಅತಿ ಕೆಟ್ಟ ದಾರಿಯನ್ನೇ ಹಿಡಿದರು.

"ಜರಡಿ ಅಲ್ಲಾಡಿಸಿದ್ರೆ ಕಲ್ಲು ಕೆಳಗೆ ಬೀಳೂದಿಲ್ವಾ? ಹಾಗೇ!"

"ಮಾವ, ಹೊಟ್ಟೆ ಜರಡಿ ಅಲ್ಲ!"

"ಕಾಲೇಜಿನವನಿಗೆ ಜರಡಿ ವಿಷಯ ಎಂಥ ಗೊತ್ತು?"

ನಾನು ಓದಿದ್ದು ಜೀವಶಾಸ್ತ್ರ ಎಂದು ನೆನಪಿಸಲು ಹೊರಟೆ. ಅಷ್ಟರಲ್ಲಿ ಗುಂಡಿ ಬಂತು, ನಾಲಿಗೆ ಕಚ್ಚಿಕೊಂಡೆ!

ಇಳಿಜಾರಿನ ತಿರುವಿನಲ್ಲಿ ನೋವು ಬಂದೇಬಿಟ್ಟಿತು. ಮಾವ ಚೀರಿ ಸ್ಟೀರಿಂಗಿನ ಮೇಲೆ ಬಾಗಿದರು. ಜೀಪು ದಾರಿ ಬಿಟ್ಟಿತು. ಮುಂದೆ ನೆಲವೇ ಇರಲಿಲ್ಲ! ಅಂಚಿನ ಸಿಲ್ವರ್ ಓಕ್ ಮರ ನಮ್ಮನ್ನು ತಡೆಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಆ ಮರ ನನ್ನತ್ತಲೇ ಬರುತ್ತದೆ.

ಆಸ್ಪತ್ರೆಯ ಇಂಜೆಕ್ಷನ್ ನೋವನ್ನೂ ಇಳಿಸಿತು, ಸಿದ್ಧಾಂತವನ್ನೂ. ಅತ್ತೆ ಚೊಂಬು ಹಿಡಿದು ಕಾವಲು ಕೂತು ನೀರು ಕುಡಿಸಿದರು. ಕಲ್ಲು ಸಿಕ್ಕರೆ ಪರೀಕ್ಷಿಸಬೇಕು, ಮೂತ್ರ ಸೋಸಿ ಎಂದು ಡಾಕ್ಟರು ಹೇಳಿದ್ದರಿಂದ ಟೀ ಸೋಸುವ ಜಾಲರಿಯನ್ನೂ ದಾನ ಮಾಡಿದರು. "ಇನ್ನು ಇದನ್ನ ಅಡಿಗೆಮನೆಗೆ ತಂದ್ರೆ ನೋಡಿ!"

ಕೊನೆಗೊಂದು ದಿನ ಕಲ್ಲು ಜಾಲರಿಗೆ ಬಿತ್ತು. ಮರಳಿನ ಹರಳಿನಷ್ಟೇ! ಮಾವನಿಗೆ ಘೋರ ಅವಮಾನ. "ಇಷ್ಟೇನಾ? ಇದಕ್ಕಾ ನಾನು ಹಾಗೆ ಕೂಗಿದ್ದು?"

ನನ್ನ ಎದೆಯ ಮೇಲೆ ಅಡ್ಡಕ್ಕೆ ನೀಲಿಗಟ್ಟಿದ ಪಟ್ಟಿ ಮಾಯಲು ಇನ್ನೂ ಕೆಲವು ದಿನ ಹಿಡಿಯಿತು. ಸೀಟ್ ಬೆಲ್ಟಿನ ಗುರುತಾ ಎಂದು ಅತ್ತೆ ಕೇಳಿದರು. ಆ ಹಳೇ ಜೀಪಿಗೆಲ್ಲಿಯ ಬೆಲ್ಟು? ಮರಕ್ಕೆ ಬಡಿಯುವ ಗಳಿಗೆಯಲ್ಲಿ, ನೋಯುವ ಪಕ್ಕೆಯನ್ನು ಒತ್ತಿ ಹಿಡಿದಿದ್ದ ಎಡಗೈಯನ್ನು ಬಿಡಿಸಿ, ಮಾವ ಅದನ್ನು ನನ್ನೆದೆಗೆ ಅಡ್ಡ ಹಿಡಿದಿದ್ದರು.